ಸೂಜಿ ತೂತಿನ ಸೀರೆಗಳು

ನಮ್ಮ ಕಟ್ಟಡಕ್ಕೆ ಬರುವ ಭಾಂಡೀವಾಲಿ ಮೊನ್ನೆ ನನ್ನ ಸೀರೆಗಳನ್ನು ಬೇಡ ಎಂದಳು. ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ, ಬೆನ್ನಿಗೆ ಬಟ್ಟೆಯ ಗಂಟು ಹೊತ್ತುಕೊಂಡು ಮಹಡಿ ಮಹಡಿ ಹತ್ತುವ ಹೆಂಗಸು ಅವಳು. ಹಳೆಯ ಬಟ್ಟೆ ಕೊಟ್ಟರೆ ಅದಕ್ಕೆ ತಕ್ಕ ಪಾತ್ರೆ ಕೊಡುತ್ತಾಳೆ. ಡೊಂಬಿವಲಿಯಲ್ಲಿ ಸಂಸಾರ ಹೂಡಿದ ಯಾವ ಹೆಂಗಸಿನ ಅಡುಗೆಮನೆಗೆ ಹೋದರೂ ಗಂಡನ ಹಳೇ ಪ್ಯಾಂಟು ಕೊಟ್ಟು ಪಡೆದ ಡಬ್ಬಿಯೊಂದು ಇದ್ದೇ ಇರುತ್ತದೆ. ನಾನು ನಾಲ್ಕು ಸೀರೆಗಳನ್ನು ಮಡಚಿ ಬಾಗಿಲಿಗೆ ತಂದಿಟ್ಟೆ. ಅವಳು ಮೇಲಿನದನ್ನು ಬಿಡಿಸಿ ಮೆಟ್ಟಿಲ ಪಕ್ಕದ ಕಿಟಕಿಗೆ ಹಿಡಿದು ನೋಡಿದಳು. ಬೆಳಕು ಬಟ್ಟೆಯುದ್ದಕ್ಕೂ ಸಾಲುಸಾಲಾಗಿ ತೂರಿ ಬಂತು.

"ಹೀ ಸಾಡೀ ನಾಹೀ ಬಾಯಿ, ಚಾಳಣ್ ಆಹೇ," ಎಂದಳು. ಸೀರೆಯಲ್ಲವಂತೆ, ಜರಡಿಯಂತೆ.

ಪುಕ್ಕಟೆ ತೆಗೆದುಕೊಂಡು ಹೋಗು ಎಂದೆ. ಅವಳು ಸೀರೆಯನ್ನು ನನಗಿಂತ ಚೆನ್ನಾಗಿ ಮಡಚಿ ವಾಪಸು ಕೊಟ್ಟಳು. "ಉಗಾಚ್ ವಜನ್ ಕಶಾಲಾ," ಸುಮ್ಮನೆ ಭಾರ ಯಾಕೆ ಹೊರಬೇಕು ಎಂದು ಬುಟ್ಟಿ ಎತ್ತಿಕೊಂಡು ಮೇಲಿನ ಮಹಡಿಗೆ ಹೋದಳು.

ಅವಳದ್ದು ತಪ್ಪಲ್ಲ. ಈ ಸೀರೆಗಳನ್ನು ಇನ್ನು ಯಾರೂ ಉಡಲಾಗದು, ಕೊಟ್ಟವರಿಗೆ ಹಿಂದಿರುಗಿಸಲೂ ಆಗದು. ನೆಲ ಒರೆಸುವ ಬಟ್ಟೆ ಮಾಡಬಹುದು, ಅದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಅಕ್ಕನಿಗೆಂದು ಹೊಲಿದ ಕೌದಿಯೊಳಗೆ ಒಟ್ಟು ಐದು ಸೀರೆಗಳಿದ್ದವು. ಅದನ್ನು ನಾನೇ ಹೊಲಿದು, ನಾನೇ ಬಿಚ್ಚಿದೆ. ಬಿಚ್ಚಿದ್ದರಲ್ಲಿ ಉಳಿದವು ಈ ನಾಲ್ಕು. ಐದನೆಯದು ಅಕ್ಕನ ಜೊತೆಗೆ ಹೋಯಿತು.

ನಾನು ಹೊಲಿಗೆ ಕಲಿತವಳಲ್ಲ, ಹೊಲಿಯುವ ಚಟ ಹತ್ತಿದವಳು. ಮದುವೆಯಾಗಿ ಉಡುಪಿಯಿಂದ ಇಲ್ಲಿಗೆ ಬಂದಾಗ ಗಂಡ ಬೆಳಗಿನ ಲೋಕಲ್ ಹಿಡಿದು ಆಫೀಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಎರಡು ಕೋಣೆಯ ಮನೆಯಲ್ಲಿ ದಿನವಿಡೀ ಕೂತು ಏನು ಮಾಡುವುದು? ಸೂಜಿ ಹಿಡಿದೆ, ಕ್ರೋಶಾ ಕಡ್ಡಿ ಹಿಡಿದೆ, ಉಲ್ಲನ್ ಹಿಡಿದೆ. ಬೆವರು ಒರೆಸಿಕೊಳ್ಳಲು ಪುರುಸೊತ್ತಿಲ್ಲದ ಈ ಊರಿನಲ್ಲಿ ಕೂತು ಬಂಧುಬಳಗದ ಮಕ್ಕಳಿಗೆಲ್ಲ ಸ್ವೆಟರ್ ಹೆಣೆದ ಮಹಾತಾಯಿ ನಾನು. ಠಾಣೆಯಿಂದ ಕಲ್ಯಾಣದವರೆಗೆ ನಮ್ಮವರ ಮನೆಯ ಕಪಾಟುಗಳಲ್ಲಿ ನನ್ನ ಸ್ವೆಟರ್‌ಗಳು ನುಸಿಗುಳಿಗೆಯ ವಾಸನೆ ಹಿಡಿದು ಮಲಗಿವೆ. ಟಿವಿಗಳ ಮೇಲೆ ನನ್ನ ಕ್ರೋಶಾ ಕವರ್‌ಗಳಿದ್ದವು. ಆಮೇಲೆ ಟಿವಿಗಳೇ ಚಪ್ಪಟೆಯಾಗಿ ಗೋಡೆಗೆ ಹತ್ತಿದವು, ಕವರ್ ಹಾಸಲು ಅವಕ್ಕೆ ತಲೆಯೇ ಇಲ್ಲದಂತಾಯಿತು. ಯಾರೂ ನನಗೆ ಬೇಡ ಎನ್ನಲಿಲ್ಲ. ಬೇಕು ಎಂದು ಕೇಳಿದವರೂ ಇಲ್ಲ.

ಅಕ್ಕ ಒಬ್ಬಳು ಮಾತ್ರ ನಾನು ಮಾಡಿಕೊಟ್ಟದ್ದನ್ನು ಹಿಂಡಿ ಹಿಪ್ಪೆ ಮಾಡಿ ಬಳಸಿದಳು. ಕೋಪರಖೈರಣೆಯಲ್ಲಿ ಭಾವನದ್ದು ಚಿಕ್ಕ ವೆಜಿಟೇರಿಯನ್ ಹೋಟೆಲಿತ್ತು, ಅದರ ಹಣದ ಗಲ್ಲೆಯ ಮೇಲೆ ಅಕ್ಕ ಕೂರುತ್ತಿದ್ದಳು. ಬಿಸಿ ಪಾತ್ರೆ ಹಿಡಿಯಲು ನಾನು ಹೊಲಿದ ದಪ್ಪ ಬಟ್ಟೆಗಳು ಅವಳ ಅಡುಗೆಮನೆಯಲ್ಲಿ ಕರಿ ಹಿಡಿದು, ಸುಟ್ಟು, ತೂತಾಗಿ, ಮತ್ತೆ ಹೊಸದು ಕೇಳುತ್ತಿದ್ದವು. "ನಿನ್ನ ಕೈಗೆ ಕೆಲಸ ಇಲ್ಲದಿದ್ರೆ ನನ್ನನ್ನೇ ಹಿಡಿದು ಹೊಲಿದುಬಿಡ್ತಿ ನೀನು," ಎಂದು ಗಲ್ಲೆಯಿಂದಲೇ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಅವಳದ್ದು ದೊಡ್ಡ ದನಿ. ಲೋಕಲ್ ಟ್ರೈನಿನ ಗಲಾಟೆಯಲ್ಲೂ ಫೋನಿನಲ್ಲಿ ಅವಳ ಮಾತು ಕೇಳಿಸುತ್ತಿತ್ತು.

ನನ್ನ ಕೈ ಸದಾ ಬಿಸಿ. ಚಿಕ್ಕಂದಿನಿಂದಲೂ ಹಾಗೆಯೇ. ಅಂಗೈ ಬೆವರಿ ಬಿಳಿ ಉಲ್ಲನ್ ಮಾಸುತ್ತದೆಂದು ಪೌಡರ್ ಹಾಕಿಕೊಂಡು ಹೆಣೆಯುತ್ತೇನೆ. ಅಕ್ಕನಿಗೆ ಹಿಂದೆ ಆಗಾಗ ಹೊಟ್ಟೆನೋವು ಬರುತ್ತಿತ್ತು. ಆಗ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಬಿಸಿನೀರಿನ ಚೀಲಕ್ಕಿಂತ ನೀನೇ ವಾಸಿ, ಒಡೆಯುವುದಿಲ್ಲ ಎನ್ನುತ್ತಿದ್ದಳು. ಆ ನೋವು ಬರಿಯ ಗ್ಯಾಸಲ್ಲ ಎಂದು ಡಾಕ್ಟರು ಹೇಳುವ ಹೊತ್ತಿಗೆ ಭಾವ ತೀರಿಕೊಂಡು, ಹೋಟೆಲು ಬೇರೆಯವರ ಕೈಗೆ ಹೋಗಿ, ಮನೆಯಲ್ಲಿ ಅಕ್ಕ ಮತ್ತು ಅವಳ ಮಗಳು ಇಬ್ಬರೇ ಉಳಿದಿದ್ದರು.

ಕಿಮೋ ಶುರುವಾದ ಮೇಲೆ ಅಕ್ಕನಿಗೆ ಚಳಿ ಹಿಡಿಯಿತು. ಜ್ವರದ ಚಳಿಯಲ್ಲ, ಅದು ಬಂದರೆ ಹೋಗುತ್ತದೆ. ಇದು ಹೋಗುತ್ತಿರಲಿಲ್ಲ. ಹೊರಗೆ ಮೇ ತಿಂಗಳ ಬಿಸಿಲು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ಅಕ್ಕ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿಸಿ, ಕಾಲುಚೀಲ ಹಾಕಿಕೊಂಡು ಮಲಗಿದ್ದಳು. ನಾನೂ ಅವಳ ಮಗಳೂ ಆ ಕೋಣೆಯಲ್ಲಿ ಬೆವರಿನಲ್ಲಿ ತೊಯ್ದು ಕೂರುತ್ತಿದ್ದೆವು. ಅಂಗಡಿಯಿಂದ ತಂದ ಬ್ಲ್ಯಾಂಕೆಟ್ ಅವಳಿಗಾಗಲಿಲ್ಲ. ಮೈಗೆ ಚುಚ್ಚುತ್ತದೆ, ಪ್ಲಾಸ್ಟಿಕ್ ವಾಸನೆ ಬರುತ್ತದೆ ಎಂದಳು.

ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು ಕೇಳಿದಳು. "ಅಮ್ಮನ ಒಂದು ಸೀರೆ ನಿನ್ನ ಹತ್ರ ಉಂಟಲ್ಲ, ನೀರುಳ್ಳಿ ಸಿಪ್ಪೆ ಬಣ್ಣದ್ದು. ಅದನ್ನು ಎರಡು ಮಡಿಕೆ ಮಾಡಿ ಹೊದೆಯಲಿಕ್ಕೆ ಕೊಡ್ತಿಯಾ?"

ಅದು ಊರಿನ ಕೈಮಗ್ಗದ ಸೀರೆ. ಅಮ್ಮ ಉಟ್ಟು ಒಗೆದು, ಉಟ್ಟು ಒಗೆದು, ಬಟ್ಟೆ ಎಷ್ಟು ಮೆತ್ತಗಾಗಿತ್ತೆಂದರೆ ಮುಟ್ಟಿದ್ದು ಕೈಗೆ ಗೊತ್ತಾಗುತ್ತಿರಲಿಲ್ಲ. ನಾನು ಅದನ್ನು ಕತ್ತರಿಸದೆ ಇಟ್ಟುಕೊಂಡಿದ್ದೆ. ನನ್ನ ಕೈಯಿಂದ ಪಾರಾದ ಬಟ್ಟೆ ಅದೊಂದೇ.

"ಒಂದು ಸೀರೆಯಿಂದ ಎಂತ ಚಳಿ ಹೋಗ್ತದೆ ಅಕ್ಕ? ಒಳ್ಳೆ ಕೌದಿ ಹೊಲಿದು ಕೊಡ್ತೇನೆ, ನೋಡು," ಎಂದೆ.

"ಅಷ್ಟೆಲ್ಲ ಬೇಡ ಮಾರಾಯ್ತಿ."

"ನೀನು ಸುಮ್ಮನಿರು."

ಅವಳು ಸುಮ್ಮನಾದಳು. ಅದಕ್ಕೆ ಮುಂಚೆ ಅಕ್ಕ ನನ್ನ ಮಾತಿಗೆ ಸುಮ್ಮನಾದದ್ದು ನನಗೆ ನೆನಪಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು. ಆದರೆ ನನ್ನ ತಲೆಯಲ್ಲಿ ಆಗಲೇ ಕೌದಿಯ ಅಳತೆ ಓಡುತ್ತಿತ್ತು.

ನಮ್ಮ ಕರಾವಳಿಯ ಕಡೆ ಕೌದಿ ಹೊಲಿಯುವುದು ಕಡಿಮೆ. ನನಗೆ ಅದನ್ನು ಕಲಿಸಿದವಳು ನಮ್ಮ ಎದುರು ಮನೆಯ, ವಿಜಾಪುರದ ಕಡೆಯ ಹೆಂಗಸು. ಇಲ್ಲಿಯ ಮರಾಠಿ ಮನೆಗಳಲ್ಲಿ ಅದನ್ನೇ ಗೋಧಡಿ ಎನ್ನುತ್ತಾರೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿನವರೆಗೆ ಸಾಲು ಹೊಲಿಗೆ ಹಾಕಬೇಕು. ಪ್ರತಿ ಚುಚ್ಚಿಗೂ ಸೂಜಿ ಎಲ್ಲ ಪದರಗಳನ್ನೂ ದಾಟಿ ಮೇಲೆ ಬರಬೇಕು. ಮಿಶಿನ್‌ನಲ್ಲಿ ಹೊಲಿದದ್ದು ಕೌದಿಯಲ್ಲ ಎನ್ನುತ್ತಾಳೆ ಎದುರು ಮನೆಯವಳು.

ಅಮ್ಮನ ಸೀರೆಯ ಜೊತೆ ನನ್ನದೊಂದು ಹತ್ತಿ ಸೀರೆ ಸೇರಿಸಿ, ಎರಡು ಪದರದಲ್ಲಿ ಮುಗಿಸುವುದು ನನ್ನ ಮೊದಲ ಲೆಕ್ಕ. ಆದರೆ ನಮ್ಮವರಲ್ಲಿ ಯಾವುದನ್ನೂ ಗುಟ್ಟಾಗಿ ಮಾಡಲಾಗುವುದಿಲ್ಲ. ನಾನು ಠಾಣೆಯ ಅತ್ತಿಗೆಗೆ, ಅಂದರೆ ನಮ್ಮ ಅಣ್ಣನ ಹೆಂಡತಿಗೆ, ಫೋನಿನಲ್ಲಿ ಹೇಳಿದೆ. "ಹಾಗಾದ್ರೆ ನನ್ನದೂ ಒಂದು ಸೀರೆ ಅದರಲ್ಲಿ ಇರಲಿ. ಮೇಲೆ ಕಾಣುವ ಹಾಗೆ ಹಾಕು," ಎಂದಳು ಅತ್ತಿಗೆ. ಅವಳದ್ದು ಹಾಕಿದ ಮೇಲೆ ಕಲ್ಯಾಣದಲ್ಲಿರುವ ಅಕ್ಕನ ನಾದಿನಿಯದ್ದು ಬಿಡಲಾದೀತೇ? ತವರಿನವರ ಸೀರೆ ಬೇಕು, ಗಂಡನ ಮನೆಯವರದ್ದು ಬೇಡವೇ ಎಂದು ಮಾತು ಬರುತ್ತದೆ. ಅವಳು ಕಾಟನ್ ಸೀರೆ ಕಳಿಸಿದಳು. ಅದು ದಪ್ಪ. ಖಾರಘರದಲ್ಲಿರುವ ಅಕ್ಕನ ಹಳೆಯ ಗೆಳತಿಗೆ ಸುದ್ದಿ ಹೇಗೆ ತಲುಪಿತೋ ಗೊತ್ತಿಲ್ಲ, ಅವಳು ತಾನೇ ನಮ್ಮ ಮನೆಗೆ ಬಂದು ಸೀರೆ ಕೊಟ್ಟು, ಅತ್ತು, ಚಹಾ ಕುಡಿದು ಹೋದಳು. ಯಾರಿಗೂ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹೊದೆಯುವವಳಿಗೆ ಏನು ಬೇಕು ಎನ್ನುವುದಕ್ಕಿಂತ ಕೊಡುವವರು ಬೇಜಾರು ಮಾಡಿಕೊಳ್ಳಬಾರದು ಎನ್ನುವುದೇ ನಮ್ಮ ಮನೆಗಳಲ್ಲಿ ಯಾವಾಗಲೂ ದೊಡ್ಡದು. ಮದುವೆಯ ಊಟದಿಂದ ಸಾವಿನ ಊಟದವರೆಗೆ ನಾವು ಹೀಗೆಯೇ.

ಕೊನೆಗೆ ಐದು ಪದರವಾಯಿತು. ಅತ್ತಿಗೆಯ ಸೀರೆ ಮೇಲೆ, ನಾದಿನಿಯದ್ದು ಅಡಿಯಲ್ಲಿ, ಅವುಗಳ ಒಳಗೆ ನನ್ನದು ಮತ್ತು ಗೆಳತಿಯದ್ದು, ಎಲ್ಲದರ ನಡುವೆ, ಯಾರಿಗೂ ಕಾಣದಂತೆ, ಅಮ್ಮನ ಸೀರೆ. ಎದುರು ಮನೆಯವಳು ಒಂದು ಮೂಲೆ ಎತ್ತಿ ನೋಡಿ, "ದಪ್ಪ ಆತ್ರಿ ಅಕ್ಕಾರ," ಎಂದಳು. ಚಳಿಗಲ್ಲವೇ ಎಂದೆ. ಅವಳು ಇನ್ನೊಂದು ಬದಿಯಲ್ಲಿ ಕೂತು ಹೊಲಿಯತೊಡಗಿದಳು.

ಆ ದಿನಗಳಲ್ಲಿ ನಾನು ಬೇರೆ ಏನನ್ನೂ ಮಾಡಲಿಲ್ಲ. ಗಂಡ ಕುಕ್ಕರ್ ಇಡಲು ಕಲಿತರು. ಅಕ್ಕನ ಒಂದೊಂದು ರಿಪೋರ್ಟ್ ಬಂದಾಗಲೂ ನಾನು ಇನ್ನಷ್ಟು ಬಿಗಿಯಾಗಿ ಸಾಲು ಹಾಕಿದೆ. ಹೊಲಿಗೆ ಒತ್ತಾಗಿದ್ದಷ್ಟೂ ಅಕ್ಕ ಹೆಚ್ಚು ಕಾಲ ಇರುತ್ತಾಳೆ ಎಂದು ಒಳಗೊಳಗೆ ನಂಬಿಕೊಂಡಿದ್ದೆ. ಇಂಥ ಹುಚ್ಚನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಬೆರಳ ತುದಿ ಕಲ್ಲಾಯಿತು. ಮುಗಿಯುವ ಹೊತ್ತಿಗೆ ಎದುರು ಮನೆಯವಳು ಒಂದು ಮೂಲೆಯನ್ನು ಹೊಲಿಯದಂತೆ ತಡೆದಳು.

"ಇದೊಂದ ಬಾಯಿ ತೆರದ ಇಡ್ರಿ ಅಕ್ಕಾರ. ಇದರಾಗ ಒಂದ ಚೂರು ಕಟಕ ರೊಟ್ಟಿ ಹಾಕಿ ಆಮ್ಯಾಲ ಮುಚ್ಚಬೇಕು. ಕೌದೀನ ಉಪಾಸ ಇಡಬಾರದ್ರಿ. ಹೊಚ್ಚಿಕೊಳ್ಳೋರ ಕೈಲೇ ಹಾಕಸ್ರಿ, ಛಲೋ ಆಕ್ಕೈತಿ," ಎಂದು ಒಣ ಜೋಳದ ರೊಟ್ಟಿಯ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

ಕೌದಿಯನ್ನು ದೊಡ್ಡ ಚೀಲಕ್ಕೆ ತುರುಕಿ ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಿ ಹತ್ತಿದೆ. ಮಧ್ಯಾಹ್ನದ ಹೊತ್ತಾದರೂ ನಿಲ್ಲಲು ಜಾಗವಿರಲಿಲ್ಲ. "ಮಾವಶಿ, ಗಾದೀ ಘೇವೂನ್ ನಿಘಾಲಾತ್ ಕಾ?" ಎಂದು ಒಬ್ಬಳು ಹುಡುಗಿ ಕೇಳಿದಳು. ಚಿಕ್ಕಮ್ಮಾ, ಹಾಸಿಗೆ ಹೊತ್ತುಕೊಂಡೇ ಹೊರಟಿರಾ ಎಂದು. ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ವಾಶಿಯ ಕಡೆಗೆ ಹೋಗುವ ಗಾಡಿ ಹಿಡಿಯುವಷ್ಟರಲ್ಲಿ ನನ್ನ ತೋಳು ಕಿತ್ತುಬರುತ್ತಿತ್ತು. ಅದರ ತೂಕ ನನಗೆ ಆಗ ತಿಳಿಯಲಿಲ್ಲವೆಂದಲ್ಲ. ಹೊರುವುದಕ್ಕೆ ಭಾರವಾದದ್ದು ಹೊದೆಯುವುದಕ್ಕೆ ಬೆಚ್ಚಗಿರುತ್ತದೆ ಎಂದುಕೊಂಡೆ. ಕೋಪರಖೈರಣೆಯಲ್ಲಿ ಇಳಿದು ನೋಡಿದರೆ ಕಾಗದದೊಳಗಿನ ರೊಟ್ಟಿ ಪುಡಿಯಾಗಿ ಚೀಲದ ತಳ ಸೇರಿತ್ತು.

ಅಕ್ಕನ ಮಂಚದ ಪಕ್ಕ ಸ್ಟೂಲಿನ ಮೇಲೆ ಬೆಳಗ್ಗೆ ಇಟ್ಟ ಇಡ್ಲಿ ಹಾಗೆಯೇ ಇತ್ತು. ಒಂದು ಕಾಲದಲ್ಲಿ ಇಡ್ಲಿ ಸರಿಯಾಗಿ ಉಬ್ಬದಿದ್ದರೆ ಇಡೀ ಅಡುಗೆಮನೆಗೆ ಬೈಗುಳ ಹಂಚುತ್ತಿದ್ದವಳು. ಈಗ ಅದರ ಅಂಚನ್ನು ಚಿವುಟಿ ಬಿಟ್ಟಿದ್ದಳು. ನಾನು ಕೌದಿಗೆ ಊಟ ಹಾಕುವ ಪದ್ಧತಿ ಹೇಳಿದಾಗ ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಹಳೆಯ ಅಕ್ಕ ಕಂಡಳು.

"ನಮ್ಮ ಮನೆಯ ಕೌದಿ ರೊಟ್ಟಿ ಯಾಕೆ ತಿನ್ನುದು? ನನ್ನ ಪಾಲಿನ ಇಡ್ಲಿ ತಿನ್ನಲಿ. ಇವಳೂ ನನಗೆ ತಿನ್ನು ತಿನ್ನು ಅಂತ ಪ್ರಾಣ ತಿನ್ನುದು ಬಿಡ್ತಾಳೆ," ಎಂದು ಮಗಳ ಕಡೆ ಕಣ್ಣು ಹಾಯಿಸಿದಳು. ಇಡ್ಲಿಯ ಒಂದು ಚೂರನ್ನು ಮುರಿದು, ಬೆರಳಿನಿಂದ ಆ ಮೂಲೆಯೊಳಗೆ ತಳ್ಳಿದಳು. ನಾನು ಅಲ್ಲೇ ಕೂತು ಬಾಯಿ ಹೊಲಿದೆ. ಮಗಳು ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಕೈಮುಗಿದ ಚಿತ್ರಗಳು ಸುರಿದವು. ಅತ್ತಿಗೆ ತನ್ನ ಸೀರೆ ಫೋಟೋದಲ್ಲಿ ಚೆನ್ನಾಗಿ ಬಂದಿದೆ ಎಂದು ಬರೆದಳು. ಕೌದಿ ಹೊದ್ದು ಅಕ್ಕ ಕಣ್ಣು ಮುಚ್ಚಿದಳು. "ಬೆಚ್ಚಗೆ ಉಂಟು," ಎಂದಳು.

ಆಮೇಲೆ ನಾನು ಹೋದಾಗಲೆಲ್ಲ ಅಕ್ಕ ಕೌದಿ ಹೊದ್ದೇ ಮಲಗಿರುತ್ತಿದ್ದಳು. ನನಗೆ ಸಮಾಧಾನವಾಗುತ್ತಿತ್ತು. ಜೀವಮಾನವಿಡೀ ಬೇಡದವರಿಗೆ ಹೊಲಿದೆ, ಬೇಕಾದವಳಿಗೆ ಬೇಕಾದದ್ದನ್ನು ಒಮ್ಮೆಯಾದರೂ ಹೊಲಿದೆ ಎಂದುಕೊಂಡು ಗಾಡಿಯಲ್ಲಿ ವಾಪಸು ಬರುತ್ತಿದ್ದೆ. ಅವಳು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದಳು. ಕೌದಿಯ ಕೆಳಗೆ ಆಕಾರವೇ ಕಾಣುತ್ತಿರಲಿಲ್ಲ. ನಾನು ಮಧ್ಯಾಹ್ನವೆಲ್ಲ ಪಕ್ಕದಲ್ಲಿ ಕೂತು ಊರಿನ ಸುದ್ದಿ, ಕಟ್ಟಡದ ಸುದ್ದಿ ಹೇಳುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು, ಹಣೆಯಲ್ಲಿ ಬೆವರಿನ ಹನಿ ಕೂರುತ್ತಿತ್ತು. ಚಳಿ ಬಿಟ್ಟಿತು ಎಂದು ನಾನು ಖುಷಿಪಟ್ಟೆ.

ಒಂದು ದಿನ ಹೋದಾಗ ಅಕ್ಕನ ಮಗಳು ಬಾಗಿಲಲ್ಲೇ ನಿಲ್ಲಿಸಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಖಾರಘರದ ಆಫೀಸಿನ ಕೆಲಸವನ್ನು ಆಗ ಮನೆಯಿಂದಲೇ ಮಾಡುತ್ತಿದ್ದಳು. ಕನ್ನಡ ಪೂರಾ ತಿಳಿಯುತ್ತದೆ, ಮಾತು ಬರುವಾಗ ಹಿಂದಿಯೇ ಮುಂದೆ ಬರುತ್ತದೆ.

"ಮೌಶಿ, ಕೌದಿಗೆ ಇರುವೆ ಆಗಿದೆ. ಬೆಡ್ ಪೇ ಭೀ ಚಡ್ ಗಯೀ," ಎಂದಳು. ಮಂಚಕ್ಕೂ ಹತ್ತಿವೆಯಂತೆ.

ಇಡ್ಲಿ. ಎದುರು ಮನೆಯವಳು ಕಟಕ ರೊಟ್ಟಿ ಎಂದದ್ದು ಸುಮ್ಮನೆ ಅಲ್ಲ, ಒಣಗಿದ್ದು ಕೊಳೆಯುವುದಿಲ್ಲ. ನಾವು ಹೋಟೆಲಿನವರು ಹಸಿ ಇಡ್ಲಿ ತುಂಬಿ ಹೊಲಿದಿದ್ದೆವು. ನನಗೆ ನಗು ಬಂತು. ತೊಂದರೆಯಿಲ್ಲ, ಒಂದು ಮೂಲೆ ಬಿಚ್ಚಿ ಸ್ವಚ್ಛ ಮಾಡಿ ಮತ್ತೆ ಹೊಲಿಯುತ್ತೇನೆ, ಸಂಜೆಗೆ ಹೊದೆಯಬಹುದು ಎಂದೆ.

ಅವಳು ನಗಲಿಲ್ಲ. ದನಿ ತಗ್ಗಿಸಿ ಹೇಳಿದಳು. "ಮೌಶಿ, ಸಚ್ ಬೋಲೂಂ? ಮಮ್ಮಿಗೆ ಅದು ಆಗೂದಿಲ್ಲ. ಬಹುತ್ ಭಾರೀ ಹೈ. ನೀವು ಬರುವಾಗ ಮಾತ್ರ ಹಾಕೂದು. ನೀವು ಸ್ಟೇಶನ್‌ಗೆ ಹೋದ ಕೂಡ್ಲೆ ತೆಗಿ ತೆಗಿ ಅಂತ ಹೇಳ್ತಾರೆ. ಉಸಿರು ಕಟ್ಟುತ್ತೆ ಅವರಿಗೆ."

ಇರುವೆಯ ನೆಪ ಸಿಗದಿದ್ದರೆ ಆ ಹುಡುಗಿ ಇದನ್ನು ಹೇಳುತ್ತಲೇ ಇರಲಿಲ್ಲ. ನಾನು ಅಲ್ಲಿ ಕೂತ ಮಧ್ಯಾಹ್ನಗಳನ್ನೆಲ್ಲ ನೆನೆದೆ. ಊರಿನ ಸುದ್ದಿ ಹೇಳುತ್ತಾ, ಇನ್ನೊಂದು ಗಾಡಿ ಬಿಟ್ಟು ಮತ್ತೊಂದಕ್ಕೆ ಹೋದರಾಯಿತು ಎಂದು ಮತ್ತೂ ಕೂರುತ್ತಾ, ಅಷ್ಟು ಹೊತ್ತೂ ಅಕ್ಕ ಅದರ ಕೆಳಗೆ ಉಸಿರು ಹಿಡಿದುಕೊಂಡು ನನಗೆ ಹೂಂಗುಟ್ಟಿದ್ದಳು. ಹಣೆಯ ಬೆವರು ಬೆಚ್ಚಗಾದದ್ದಕ್ಕೆ ಬಂದದ್ದಲ್ಲ. ನನಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಹಣೆ ಚಚ್ಚಿಕೊಳ್ಳಬೇಕು ಅನಿಸಿತು. ಸಿಟ್ಟೂ ಬಂತು, ಅಕ್ಕನ ಮೇಲೆಯೇ. ಊರಿಗೆಲ್ಲ ಬೈಯುವವಳಿಗೆ ನನಗೊಂದು ಮಾತು ಹೇಳಲು ಏನಾಗಿತ್ತು?

ಒಳಗೆ ಹೋಗಿ ಕೇಳಿದೆ. "ಭಾರ ಆಗ್ತದೆ ಅಂತ ಹೇಳ್ಲಿಕ್ಕೆ ಎಂತ ಅಕ್ಕ ನಿಂಗೆ?"

"ನೀನು ಅಷ್ಟು ಹೊಲಿದಿದ್ದೀಯಲ್ಲ," ಎಂದಳು. ಆಮೇಲೆ, "ಸ್ವಲ್ಪ ಹಗುರ ಮಾಡ್ಲಿಕ್ಕೆ ಆಗ್ತದಾ?" ಎಂದಳು.

ಕೌದಿಯನ್ನು ಹಗುರ ಮಾಡುವುದೆಂದರೆ ಒಂದು ಸೀರೆಯನ್ನು ಎಳೆದು ತೆಗೆಯುವುದಲ್ಲ. ಎಲ್ಲ ಪದರಗಳನ್ನೂ ಒಂದೇ ದಾರ ಹಿಡಿದಿರುತ್ತದೆ. ಒಂದನ್ನು ಬಿಡಿಸಬೇಕೆಂದರೆ ಎಲ್ಲವನ್ನೂ ಬಿಚ್ಚಬೇಕು. ಮತ್ತೆ ಅದೇ ಚೀಲದಲ್ಲಿ ತುರುಕಿ ಮನೆಗೆ ತಂದೆ. "ಹೊಲಿದ ಕೌದಿ ಬಿಚ್ಚಬಾರದ್ರಿ ಅಕ್ಕಾರ," ಎಂದಳು ಎದುರು ಮನೆಯವಳು. ನಾನು ಕಾರಣ ಹೇಳಿದೆ. ಅವಳು ತನ್ನ ಮನೆಗೆ ಹೋಗಿ ಸಣ್ಣ ಕತ್ತರಿ ತಂದು ನನ್ನ ಎದುರು ಕೂತಳು. ನಾನು ಪ್ರಾಣ ಬಿಟ್ಟು ಹಾಕಿದ ಒತ್ತು ಹೊಲಿಗೆಯೇ ಈಗ ವೈರಿಯಾಯಿತು. ಒಂದೊಂದು ಚುಚ್ಚನ್ನೂ ಕತ್ತರಿಯ ಮೊನೆಯಿಂದ ಎತ್ತಿ ಕತ್ತರಿಸಬೇಕು. ಜೋರಾಗಿ ಎಳೆದರೆ ಬಟ್ಟೆ ಹರಿಯುತ್ತದೆ. ದಾರದ ತುಣುಕುಗಳು ನಮ್ಮ ಮಡಿಲು ತುಂಬಿ, ಫ್ಯಾನಿನ ಗಾಳಿಗೆ ಮನೆಯೆಲ್ಲ ಹಾರಾಡಿದವು. ಅನ್ನದ ತಟ್ಟೆಯಲ್ಲೂ ದಾರ ಸಿಕ್ಕಿತು. ಗಂಡ ಅದನ್ನು ಬದಿಗಿಟ್ಟು ಉಂಡರು.

ಇಡ್ಲಿಯ ಮೂಲೆ ಬಿಚ್ಚಿದಾಗ ಒಳಗೆ ಹಸಿರು ಕಲೆಯಷ್ಟೇ ಇತ್ತು. ಉಳಿದದ್ದನ್ನು ಇರುವೆಗಳು ಹೊತ್ತೊಯ್ದಿದ್ದವು. ಅಕ್ಕ ತನ್ನ ಪಾಲು ಎಂದದ್ದು ಅಷ್ಟೇ ಅಲ್ಲವೇ ಎಂದು ಯೋಚಿಸಿ ನನಗೆ ಆ ದಿನ ಮತ್ತೆ ಕತ್ತರಿ ಹಿಡಿಯಲಾಗಲಿಲ್ಲ.

ಅತ್ತಿಗೆಯದ್ದು ಮತ್ತು ನಾದಿನಿಯದ್ದು, ಮೇಲಿನ ಮತ್ತು ಅಡಿಯ ಸೀರೆಗಳನ್ನು ತೆಗೆದುಬಿಟ್ಟೆ. ಉಳಿದ ಮೂರನ್ನು ಸೇರಿಸಿ ದೂರದೂರ ಸಾಲು ಹಾಕಿದೆ. ಆ ಸಲ ರೊಟ್ಟಿಯೂ ಇಲ್ಲ, ಇಡ್ಲಿಯೂ ಇಲ್ಲ. ಅದನ್ನು ಹೊದಿಸಿದಾಗ ಅಕ್ಕ ನಿಜವಾಗಿ ನಿದ್ದೆ ಮಾಡಿದಳು. ನಾನು ಮಗಳ ಮುಖ ನೋಡಿ ಖಾತ್ರಿ ಮಾಡಿಕೊಂಡೆ. ಅಕ್ಕನನ್ನು ನೋಡಿ ನಂಬುವುದನ್ನು ನಾನು ಬಿಟ್ಟಿದ್ದೆ. ಆ ವಾರ ಅತ್ತಿಗೆ ಠಾಣೆಯಿಂದ ಎಳನೀರು ಹಿಡಿದುಕೊಂಡು ನೋಡಲು ಬಂದಳು. ಬಂದವಳ ಕಣ್ಣು ರೋಗಿಗಿಂತ ಮೊದಲು ಕೌದಿಯ ಮೇಲೆ ಬಿತ್ತು.

"ನನ್ನ ಸೀರೆ ಎಲ್ಲಿ ಹೋಯಿತು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹಾಸಿಗೆಯಿಂದ ಹೇಳಿದಳು. "ಒಳಗೆ ಹಾಕಿಸಿದೆ ಅತ್ತಿಗೆ. ಮೈಗೆ ಹತ್ತಿರ ಇರಲಿ ಅಂತ."

ಅತ್ತಿಗೆಯ ಕಣ್ಣು ತುಂಬಿತು. ಅವಳು ಹೋದ ಮೇಲೆ ಅಕ್ಕ ನನ್ನ ಕಡೆ ನೋಡಿ ಒಂದು ಹುಬ್ಬು ಎತ್ತಿದಳು. ನಾವಿಬ್ಬರೂ ನಕ್ಕ ಕೊನೆಯ ಸಲ ಅದು.

ಮಳೆ ಹಿಡಿದುಕೊಂಡ ಮೇಲೆ ಅದೂ ಭಾರವಾಯಿತು. ಈ ಸಲ ಅಕ್ಕ ಮುಚ್ಚಿಡಲಿಲ್ಲ, ಮುಚ್ಚಿಡುವ ಶಕ್ತಿ ಇರಲಿಲ್ಲ. ನಾನು ಮನೆಗೆ ತರಲಿಲ್ಲ, ಅವಳ ಮಂಚದ ಪಕ್ಕ ನೆಲದ ಮೇಲೆ ಕೂತು ಬಿಚ್ಚಿದೆ. ಗೆಳತಿಯ ಸೀರೆ ತೆಗೆದೆ. ನನ್ನದನ್ನೂ ತೆಗೆದೆ. ನನ್ನ ಸೀರೆ ಬಿಡಿಸುವಾಗ ಕೈ ಸ್ವಲ್ಪ ತಡೆಯಿತು, ಸುಳ್ಳು ಹೇಳುವುದಿಲ್ಲ. ಎಲ್ಲರದ್ದೂ ಹೋಗಲಿ, ನನ್ನದೊಂದು ಅವಳ ಮೈಮೇಲೆ ಉಳಿಯಲಿ ಎಂಬ ಆಸೆ. ಅತ್ತಿಗೆಗೂ ನನಗೂ ಏನು ವ್ಯತ್ಯಾಸ? ಕೊನೆಗೆ ನಡುವಿನ ಸೀರೆ ಹೊರಬಂತು. ಮೈತುಂಬ ಸೂಜಿ ತೂತು. ಹಿಡಿದೆತ್ತಿದರೆ ಅದರ ಮೂಲಕ ಕಿಟಕಿಯ ಸರಳು ಕಾಣುತ್ತಿತ್ತು. ಕತ್ತರಿಸದೆ ಅಷ್ಟು ವರ್ಷ ಕಾಪಾಡಿದ ಅಮ್ಮನ ಸೀರೆಯನ್ನು ನಾನೇ ಹೀಗೆ ಮಾಡಿದ್ದೆ. ಅದನ್ನು ಎರಡು ಮಡಿಕೆ ಮಾಡಿ ಅಕ್ಕನಿಗೆ ಹೊದಿಸಿದೆ. ಮೇ ತಿಂಗಳಲ್ಲಿ ಅವಳು ಕೇಳಿದ್ದು ಅಷ್ಟೇ. ಕೇಳಿದ ದಿನವೇ ಕೊಟ್ಟಿದ್ದರೆ ಆ ಬೇಸಿಗೆಯಿಡೀ ಅವಳು ಹಗುರವಾಗಿ ಹೊದ್ದು ಮಲಗಬಹುದಿತ್ತು.

ಅಕ್ಕ ಅಂಚನ್ನು ಮೂಗಿನ ಹತ್ತಿರ ತಂದಳು. ಅದರಲ್ಲಿ ಅಮ್ಮನ ವಾಸನೆ ಉಳಿದಿರಲಿಲ್ಲ, ನನ್ನ ಮನೆಯ ನುಸಿಗುಳಿಗೆಯ ವಾಸನೆಯಿತ್ತು.

ಆಮೇಲಿನ ದಿನಗಳಲ್ಲಿ ನಾನು ಅಲ್ಲೇ ಉಳಿದೆ. ಡಾಕ್ಟರು ಇನ್ನು ಆಸ್ಪತ್ರೆ ಬೇಡ ಎಂದಿದ್ದರು. ಅಕ್ಕನ ದೊಡ್ಡ ದನಿ ಕಡಿಮೆಯಾಗುತ್ತಾ ಬಂದು, ತುಟಿಯ ಹತ್ತಿರ ಕಿವಿ ಇಟ್ಟರೆ ಮಾತ್ರ ಕೇಳುವಂತಾಯಿತು. ಗ್ರೂಪಿನಲ್ಲಿ ಎಲ್ಲರೂ ಹೇಗಿದ್ದಾಳೆ ಎಂದು ಕೇಳುತ್ತಿದ್ದರು, ಕೌದಿ ಹೊದ್ದ ಫೋಟೋ ಕಳಿಸು ಎಂದು ನಾದಿನಿ ಬರೆದಳು. ನಾನು ಫೋನನ್ನು ಮಗುಚಿ ಇಟ್ಟೆ.

ಅವತ್ತು ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಮಗಳು ಮಂಚದ ಆ ಬದಿಗೆ, ನಾನು ಈ ಬದಿಗೆ. ಅಕ್ಕನ ಬೆರಳುಗಳು ಸೀರೆಯ ಮೇಲೆ ಆಡುತ್ತಿದ್ದವು. ಸರಿಮಾಡಿ ಹೊದಿಸು ಎನ್ನುತ್ತಿದ್ದಾಳೆ ಎಂದುಕೊಂಡು ನಾನು ಎದೆಯವರೆಗೆ ಎಳೆದೆ. ಅವಳು ಅದನ್ನು ತಳ್ಳಿದಳು. ಮಗಳು ಅರ್ಥ ಮಾಡಿಕೊಂಡು ಮಡಿಕೆ ಬಿಡಿಸಿ ಒಂದೇ ಪದರ ಮಾಡಿದಳು. ಅಕ್ಕ ಅದನ್ನೂ ತಳ್ಳಿದಳು. ಮುಟ್ಟಿದರೆ ಕೈಗೆ ಗೊತ್ತಾಗದ ಬಟ್ಟೆ, ಅರ್ಧ ಬಟ್ಟೆ, ಅರ್ಧ ತೂತು. ಅದೂ ಅವಳಿಗೆ ಆಗಲಿಲ್ಲ. ಸೊಂಟದವರೆಗೆ ಇಳಿಸಿದೆವು.

ಆದರೆ ಚಳಿ ಹೋಗಿರಲಿಲ್ಲ. ಅವಳ ತೋಳಿನ ರೋಮ ನಿಂತಿತ್ತು, ಹಲ್ಲು ಸಣ್ಣಗೆ ಕಟಗುಟ್ಟುತ್ತಿತ್ತು. ಇನ್ನು ಏನನ್ನು ಬಿಚ್ಚಲಿ, ಏನನ್ನು ಹೊದಿ‌ಸಲಿ? ನನ್ನ ಹತ್ತಿರ ಬಟ್ಟೆ ಮುಗಿದಿತ್ತು, ವಿದ್ಯೆ ಮುಗಿದಿತ್ತು. ಹೊಲಿದು ಹೊಲಿದು ಕಲ್ಲಾದ ಈ ಕೈ ಒಂದು ಉಳಿದಿತ್ತು. ಅದನ್ನು ಉಜ್ಜಿ ಬಿಸಿ ಮಾಡಿ, ಮೊದಲು ಹೊಟ್ಟೆನೋವಿಗೆ ಇಡುತ್ತಿದ್ದ ಹಾಗೆ, ಮೆಲ್ಲಗೆ ಅವಳ ಎದೆಯ ಮೇಲಿಟ್ಟೆ. ಅಕ್ಕ ಕಣ್ಣು ತೆರೆದಳು. ಬಹಳ ಹೊತ್ತಿನ ಮೇಲೆ ನನ್ನನ್ನು ಗುರುತು ಹಿಡಿದು ನೋಡಿದಳು. ತುಟಿ ಅಲುಗಿತು. ನಾನು ಬಗ್ಗಿ ಕಿವಿ ಇಟ್ಟೆ.

"ಕೈ ತೆಗಿ ಮಾರಾಯ್ತಿ. ಭಾರ ಆಗ್ತದೆ."

ನಾನು ಕೈ ತೆಗೆದೆ. ತೆಗೆದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.